ಆ ಬಂಗುಡೆಗೆ ಇನ್ನು ಕೆಲವು ತಿಂಗಳು ಬೇಕಿತ್ತು

ಬೆಳಿಗ್ಗೆ ಮಲ್ಪೆಯ ದಕ್ಕೆಯಿಂದ, ಬೋಟುಗಳು ಮೀನು ಇಳಿಸುವ ಕಟ್ಟೆಯಿಂದ, ಬರಿಗೈಯಲ್ಲಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದಿವೆ, ಒಳ್ಳೆಯ ಬಂಗುಡೆ ತರೋಣವೆಂದು ಹೋಗಿದ್ದೆ. ಕಂಡದ್ದು ಬೆರಳುದ್ದದ ಬಂಗುಡೆ ಮರಿಗಳ ರಾಶಿ. ಸಲಿಕೆಯಲ್ಲಿ ಎತ್ತಿ ಲಾರಿಗೆ ಸುರಿಯುತ್ತಿದ್ದರು, ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳನ್ನು ಕಟ್ಟಿಹಾಕಿ ಕುಳಿತದ್ದು ಯಾತಕ್ಕೆ? ಮೀನು ಮೊಟ್ಟೆಯಿಡಲಿ, ಮರಿ ಬದುಕಲಿ ಎಂದಲ್ಲವೇ? ಎರಡು ತಿಂಗಳು ಕಾದು, ಮೂರನೆಯ ತಿಂಗಳು ಆ ಮರಿಗಳನ್ನೇ ಗೋರಿದರೆ ಕಾದದ್ದಕ್ಕೆ ಏನರ್ಥ?

ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, "ಇವು ದೀಪಾವಳಿಯವರೆಗೆ ನೀರಿನಲ್ಲಿದ್ದಿದ್ದರೆ ನನ್ನ ಬುಟ್ಟಿಗೆ ಬರುತ್ತಿದ್ದವು" ಎಂದರು. ಕಡಲಿನ ಲೆಕ್ಕವನ್ನು ಇಷ್ಟು ಸರಿಯಾಗಿ ಯಾವ ಸಭೆಯಲ್ಲಿಯೂ ಕೇಳಿಲ್ಲ. ಲಾರಿಗೆ ಹೋದ ಮರಿ ಹಿಟ್ಟಾಗಿ ಕೋಳಿಗೋ ಸಿಗಡಿಗೋ ಆಹಾರವಾಗುತ್ತದೆ. ಬೆಳೆದಿದ್ದರೆ ಅದೇ ಮೀನಿನಿಂದ ಆ ಅಜ್ಜಿಯ ಒಂದು ದಿನ ನಡೆಯುತ್ತಿತ್ತು.

ಬೋಟ್ ಇಟ್ಟಿರುವ ನನ್ನ ಗೆಳೆಯನಿಗೆ ಇದನ್ನೇ ಹೇಳಿದೆ. "ನಾನು ಬಿಟ್ಟರೆ ಪಕ್ಕದ ಬೋಟಿನವನು ಬಿಡುತ್ತಾನೆಯೇ? ಡೀಸೆಲ್, ಐಸ್, ಬ್ಯಾಂಕಿನ ಕಂತು ಯಾರು ಕಟ್ಟುತ್ತಾರೆ?" ಎಂದ. ಸಾಲದ ಭಾರ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮುಂದಿನ ವರ್ಷದ ಕಂತಿಗೂ ಮೀನೇ ಬೇಕಲ್ಲ! ಪಕ್ಕದವನು ಬಿಡುವುದಿಲ್ಲ ಎಂಬ ಮಾತನ್ನು ಆ ಪಕ್ಕದವನೂ ಇವನನ್ನು ತೋರಿಸಿಯೇ ಹೇಳುತ್ತಾನೆ.

2012ರ ನಂತರ ಬೂತಾಯಿ (ಸಾರ್ಡೀನ್) ಮೀನು ಕುಸಿಯತೊಡಗಿದಾಗ ಕೇರಳ 2015ರಲ್ಲಿ ಮೀನಿನ ಕನಿಷ್ಠ ಅಳತೆ ನಿಗದಿಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಬೂತಾಯಿ ಕಡಿಮೆಯಾಗಲು ಸಮುದ್ರದ ಬಿಸಿಯೂ ಕಾರಣ ಎನ್ನುವವರಿದ್ದಾರೆ. ಇರಬಹುದು. ಬಿಸಿಯನ್ನು ಮಲ್ಪೆಯವರು ತಡೆಯಲಾಗದು, ಬಲೆಯ ಕಣ್ಣನ್ನು ದೊಡ್ಡದು ಮಾಡಬಹುದು. ಬೋಟು ನೀರಿನಲ್ಲಿ ಎಳೆದೊಯ್ಯುವ ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ತುಂಬುವ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಲಿ ಎಂದು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಎಳೆಯುವಾಗ ವಜ್ರಾಕಾರದ ಕಣ್ಣು ಬಿಗಿದು ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿಹೋಗುತ್ತವೆ. ಇಷ್ಟೇ ವಿಷಯ. ಇದಕ್ಕೆ ಎಷ್ಟು ವರ್ಷ ಬೇಕು?

ಒಂದು ಮಾತನ್ನು ಮುಚ್ಚಿಡಲಾರೆ. ನನ್ನ ಕಾಲೇಜಿನ ಫೀಸು ಅಪ್ಪನ ಟ್ರಾಲ್ ಬೋಟಿನಿಂದ ಬಂದದ್ದು. ಆ ಬೋಟಿನ ಬಲೆಯ ಕಣ್ಣೂ ಸಣ್ಣದೇ. ಹರಿದಾಗ ಅಂಗಳದಲ್ಲಿ ಕುಳಿತು ಹೆಣೆದವನು ನಾನೇ. ಬೆಳಿಗ್ಗೆ ಆ ಲಾರಿಯ ಮುಂದೆ ನಿಂತಾಗ ನೆನಪಾದದ್ದು ಆ ಬಲೆ.

ಭಾನುವಾರ ಗೆಳೆಯನ ಮನೆಗೆ ಹೋಗುತ್ತೇನೆ. ಚೌಕ ಕಣ್ಣಿನ ಚೀಲದ ಅರ್ಧ ಖರ್ಚು ನನ್ನದು ಎಂದು ಹೇಳಿಬಂದಿದ್ದೇನೆ. ಬಲೆ ಹೆಣೆಯುವುದನ್ನು ಕೈ ಇನ್ನೂ ಮರೆತಿಲ್ಲ.