ಎಬ್ಬಿಸಿದ ಮೇಲೆ ಮಾಡಲು ಕೆಲಸ ಇರಬೇಕಲ್ವಾ?

ರಾತ್ರಿ ಎರಡೂವರೆಗೆ ಒಬ್ಬರನ್ನು ನಿದ್ದೆಯಿಂದ ಎಬ್ಬಿಸಿದರೆ, ಎದ್ದ ಮೇಲೆ ಅವರು ಮಾಡಬೇಕಾದ ಕೆಲಸ ಒಂದಾದರೂ ಇರಬೇಕು. ನಾನು ಕೇಳುತ್ತಿರುವುದು ಇಷ್ಟೇ. ಆನ್‌ಕಾಲ್, ಅಂದರೆ ಸರ್ವಿಸ್ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡುವ ಸರದಿ, ಬೇಡ ಅನ್ನುತ್ತಿಲ್ಲ. ಜನ ದುಡ್ಡು ಕಳಿಸುವ ಸರ್ವಿಸ್ ನಮ್ಮದು. ಅದು ಬಿದ್ದರೆ ಯಾರಾದರೂ ಏಳಲೇಬೇಕು, ಅದು ಗೊತ್ತಿದ್ದೇ ಈ ಕೆಲಸಕ್ಕೆ ಸೇರಿದ್ದು. ಆದರೆ ನಮ್ಮ ಅಲರ್ಟ್‌ಗಳು ಕೂಗುವುದು ಸರ್ವಿಸ್ ಬಿದ್ದಾಗ ಅಲ್ಲ. ಯಾವುದೋ ಒಂದು ಸರ್ವರ್‌ನ ಸಿಪಿಯು ಬಳಕೆ 80% ದಾಟಿತು ಅಂತ ಕೂಗುತ್ತವೆ. ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆಗೆದು, ವಿಪಿಎನ್ ಹಾಕಿ, ಓಟಿಪಿ ಕೊಟ್ಟು, ಸರ್ವರ್‌ಗಳ ಗ್ರಾಫ್ ತೋರಿಸುವ ಗ್ರಾಫಾನಾ ತೆರೆಯುವಷ್ಟರಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ದೊಡ್ಡ ಕೆಲಸಗಳನ್ನು ಒಟ್ಟಿಗೆ ಮುಗಿಸುವ ಬ್ಯಾಚ್ ಜಾಬ್ ಓಡುವ ಹೊತ್ತು ಅದು. ಸಿಪಿಯು ಏರಲೇಬೇಕು! ಒಬ್ಬ ಗ್ರಾಹಕನಿಗೂ ತೊಂದರೆ ಆಗಿರುವುದಿಲ್ಲ. ನನ್ನ ನಿದ್ದೆ ಮಾತ್ರ ಹೋಗಿರುತ್ತದೆ.

ನಿದ್ದೆ ನನ್ನದೊಂದೇ ಅಲ್ಲ. ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು ಚಿಕ್ಕ ಮನೆ. ಫೋನ್ ಸೈಲೆಂಟ್ ಮಾಡುವಂತಿಲ್ಲ, ಐದು ನಿಮಿಷದಲ್ಲಿ ಆಕ್ ಮಾಡದಿದ್ದರೆ, ಅಂದರೆ ನೋಡಿದೆ ಅಂತ ಒತ್ತದಿದ್ದರೆ, ಮುಂದಿನವರಿಗೆ ಹೋಗುತ್ತದೆ, ಆಮೇಲೆ ಮ್ಯಾನೇಜರ್‌ಗೆ. ಪಕ್ಕದ ರೂಮಿನಿಂದ ಅಮ್ಮ ಎದ್ದು ಬಂದು "ಯಾರಿಗೇನಾಯ್ತು?" ಅಂತ ಕೇಳುತ್ತಾರೆ. ನಡುರಾತ್ರಿ ಫೋನ್ ಬಂದರೆ ಊರಿನಲ್ಲಿ ಯಾರೋ ಹೋಗಿರಬೇಕು ಅಂತಲೇ ಅವರ ಎದೆ ಹೊಡೆದುಕೊಳ್ಳುವುದು. ಬಿಪಿ ಮಾತ್ರೆ ತಗೊಳ್ಳುವವರು. "ಏನೂ ಆಗಿಲ್ಲ ಮಲಗಮ್ಮ" ಅಂತ ಹೇಳಿ ಹೇಳಿ ನನಗೇ ಸಾಕಾಗಿದೆ. ಬೆಳಿಗ್ಗೆ ಮಾಮೂಲಿ ರೈಲು ಹಿಡಿದು ಬೆಂಗಳೂರಿಗೆ ಹೋಗಲೇಬೇಕು. ರಾತ್ರಿ ಎದ್ದಿದ್ದು ಯಾರ ಲೆಕ್ಕಕ್ಕೂ ಇಲ್ಲ. ರೈಲಿನಲ್ಲಾದರೂ ಕಣ್ಣು ಮುಚ್ಚೋಣ ಅಂದರೆ ಹಿರೇಹಳ್ಳಿ ದಾಟುವಷ್ಟರಲ್ಲಿ ಮತ್ತೊಂದು ಅಲರ್ಟ್. ಸೀಟು ಸಿಕ್ಕಿಲ್ಲ ಅಂದರೆ ಬಾಗಿಲ ಹತ್ತಿರ ನಿಂತುಕೊಂಡೇ ಹಾಟ್‌ಸ್ಪಾಟ್ ಹಾಕಿ ನೋಡಬೇಕು. ನೋಡಿದರೆ ಅದೇ ಸಿಪಿಯು.

ಇದನ್ನು ಸರಿ ಮಾಡುವುದು ಹೇಗೆ ಅಂತ ಗೊತ್ತಿಲ್ಲದ ಕಾಲ ಅಲ್ಲ ಇದು. ಸರ್ವಿಸ್ ಬೀಳದಂತೆ ನೋಡಿಕೊಳ್ಳುವ, ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್ ಅನ್ನುವ ಹೆಸರಲ್ಲಿ ಗೂಗಲ್‌ನಲ್ಲಿ 2003ರಲ್ಲಿ ಶುರುವಾದ ಕೆಲಸ ಇದು, ಅವರು ಕಲಿತಿದ್ದನ್ನೆಲ್ಲ ಎಲ್ಲರೂ ಓದಲಿ ಅಂತ ಬರೆದು ಇಟ್ಟಿದ್ದಾರೆ. 12 ಗಂಟೆಯ ಒಂದು ಶಿಫ್ಟಿಗೆ ಎರಡಕ್ಕಿಂತ ಜಾಸ್ತಿ ಇನ್ಸಿಡೆಂಟ್ (ಸರಿ ಮಾಡಬೇಕಾದ ತೊಂದರೆ) ಬರಬಾರದು ಅಂತಾರೆ. ಒಂದೇ ಊರಿನ ಟೀಮ್ ಹಗಲು ರಾತ್ರಿ ಆನ್‌ಕಾಲ್ ನೋಡಬೇಕಾದರೆ ಕನಿಷ್ಠ ಎಂಟು ಜನ ಬೇಕು ಅಂತಾರೆ. ನಾವು ಇರುವುದು ನಾಲ್ಕು ಜನ. ಮೀಟಿಂಗ್‌ನಲ್ಲಿ ಅವರ ಮಾತು ದಿನಾ ಎತ್ತುತ್ತಾರೆ, ಈ ಎರಡು ಸಾಲು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಲೆಕ್ಕ ಬಹಳ ಸುಲಭ. ನಾವು ಗ್ರಾಹಕರಿಗೆ ಕೊಟ್ಟಿರುವ ಮಾತು, ಸರ್ವಿಸ್ 99.9% ಹೊತ್ತು ನಡೆಯುತ್ತದೆ ಅಂತ. ಅಂದರೆ 30 ದಿನದ ತಿಂಗಳಲ್ಲಿ ಒಟ್ಟು 43 ನಿಮಿಷ ಸರ್ವಿಸ್ ಇಲ್ಲದಿದ್ದರೂ ಮಾತು ತಪ್ಪಿದಂತಲ್ಲ. ಆ 43 ನಿಮಿಷ ಎಷ್ಟು ಬೇಗ ಖಾಲಿಯಾಗುತ್ತಿದೆ ಅಂತ ನೋಡಿ. ಒಂದು ಗಂಟೆಯಲ್ಲಿ ಅದರ 2% ಹೋಯಿತಾ, ಎಬ್ಬಿಸಿ, ಓಡಿ ಬರುತ್ತೇನೆ. ಮೂರು ದಿನದಲ್ಲಿ ನಿಧಾನಕ್ಕೆ 10% ಹೋಯಿತಾ, ಕೆಲಸದ ಪಟ್ಟಿಗೆ ಟಿಕೆಟ್ ಹಾಕಿ, ಬೆಳಿಗ್ಗೆ ನೋಡುತ್ತೇನೆ. ದುಡ್ಡು ಕಳಿಸುವವರಿಗೆ ಕಾಣುವುದು ಪೇಮೆಂಟ್ ಫೇಲ್ ಆಯಿತಾ, ಲೇಟಾಯಿತಾ ಅನ್ನುವುದು. ನಮ್ಮ ಸಿಪಿಯು ಎಷ್ಟು ಬಿಸಿಯಾಗಿದೆ ಅನ್ನುವುದು ಅವರಿಗೆ ಯಾಕೆ ಬೇಕು? ಸಿಪಿಯು ಗ್ರಾಫ್ ಡ್ಯಾಶ್‌ಬೋರ್ಡ್‌ನಲ್ಲಿ ಇರಲಿ, ಹುಡುಕುವಾಗ ಬೇಕಾಗುತ್ತದೆ. ಅದಕ್ಕೆ ಮನುಷ್ಯರನ್ನು ಎಬ್ಬಿಸಬೇಡಿ.

ಇಷ್ಟನ್ನೂ ಬರೆದು ಕೊಟ್ಟಿದ್ದೇನೆ. ಬಂದ ಉತ್ತರ: "ಇರಲಿ ಬಿಡಿ, ಸೇಫ್ಟಿಗೆ." ಯಾರ ಸೇಫ್ಟಿ? ನನಗೆ ಅರ್ಥವಾಗಿರುವುದು ಇದು. ಸರ್ವಿಸ್ ನಿಂತು ಪ್ರತಿ ಔಟೇಜ್ ಆದಮೇಲೂ ಮೇಲಿನವರು "ಅಲರ್ಟ್ ಯಾಕೆ ಬರಲಿಲ್ಲ" ಅಂತ ಕೇಳುತ್ತಾರೆ, ತಕ್ಷಣ ಒಂದು ಹೊಸ ಅಲರ್ಟ್ ಸೇರಿಸುತ್ತಾರೆ. ಸೇರಿಸಿದವರಿಗೆ ಕೆಲಸ ಮಾಡಿದ ಹೆಸರು ಬರುತ್ತದೆ. ತೆಗೆದರೆ, ನಾಳೆ ಏನಾದರೂ ಆದರೆ ತೆಗೆದವರ ತಲೆ ಮೇಲೆ. ಹಾಗಾಗಿ ಸೇರಿಸುವವರೇ ಎಲ್ಲ, ತೆಗೆಯುವವರು ಯಾರೂ ಇಲ್ಲ. ಕೆಲವು ಅಲರ್ಟ್ ಬರೆದವರು ಕಂಪನಿ ಬಿಟ್ಟು ಹೋಗಿ ಎಷ್ಟೋ ಕಾಲವಾಗಿದೆ. ಅಲರ್ಟ್ ಬಂದಾಗ ಏನು ಮಾಡಬೇಕು ಅಂತ ಬರೆದಿಡುವ ರನ್‌ಬುಕ್ ಲಿಂಕ್ ಒತ್ತಿದರೆ ಖಾಲಿ ಪುಟ.

ದಿನಾ ಸಾಯುವವರಿಗೆ ಅಳುವವರು ಯಾರು? ಕೊನೆಗೆ ಆಗಬಾರದ್ದು ಆಗಿಯೇ ಹೋಯಿತು. ಶಿರಾ ಕಡೆಯ ಹುಡುಗ, ಹೊಸದಾಗಿ ಸೇರಿದವನು, ಆ ವಾರ ಆನ್‌ಕಾಲ್‌ನಲ್ಲಿದ್ದ. ಡೇಟಾಬೇಸ್ ಡಿಸ್ಕ್ ತುಂಬುತ್ತಿದೆ ಅಂತ ಅಲರ್ಟ್ ಬಂತು, ಅದರ ಹಿಂದೆ ಮುಂದೆ ಎಲ್ಲ ಸಿಪಿಯು, ಮೆಮೊರಿ ಅಂತ ಅದೇ ಗದ್ದಲ, ಅಲರ್ಟ್ ಮೇಲಿನ ಬಣ್ಣವೂ ಒಂದೇ, ಶಬ್ದವೂ ಒಂದೇ. ಆಕ್ ಮಾಡಿದ. ತಾನಾಗಿ ಇಳಿಯುತ್ತದೆ ಅಂದುಕೊಂಡ, ಯಾಕೆಂದರೆ ಅಲ್ಲಿಯ ತನಕ ಎಲ್ಲವೂ ಹಾಗೇ ಇಳಿದಿದ್ದವು. ಡಿಸ್ಕ್ ಪೂರ್ತಿ ತುಂಬಿತು, ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ನಿಂತಿತು, ಪೇಮೆಂಟ್ ನಿಂತವು.

ಡಿಸ್ಕ್ ತುಂಬಿದ್ದು ಯಾಕೆ ಗೊತ್ತಾ? ಹಿಂದೆ ಯಾರೋ ಡೇಟಾಬೇಸ್‌ನ ಒಂದು ರೆಪ್ಲಿಕಾ (ನಕಲು ಸರ್ವರ್) ತೆಗೆದುಹಾಕಿದ್ದರು, ಅದು ಎಲ್ಲಿಯ ತನಕ ಓದಿದೆ ಅಂತ ಗುರುತಿಡುವ ರೆಪ್ಲಿಕೇಶನ್ ಸ್ಲಾಟ್ ಅಳಿಸಿರಲಿಲ್ಲ. ಸ್ಲಾಟ್ ಇರುವ ತನಕ, ಆ ರೆಪ್ಲಿಕಾ ಎಂದಾದರೂ ಬಂದು ಓದಿಕೊಳ್ಳುತ್ತದೆ ಅಂತ ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನು ಬರೆದಿಟ್ಟ ಹಳೆಯ ಲಾಗ್ ಫೈಲುಗಳನ್ನು ಹಿಡಿದುಕೊಂಡೇ ಇರುತ್ತದೆ. ಅದಕ್ಕೊಂದು ಮಿತಿ ಹಾಕುವ ಸೆಟಿಂಗ್ 13ನೇ ಆವೃತ್ತಿಯಿಂದಲೇ ಇದೆ. ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ನಮ್ಮಲ್ಲಿ ಹಾಕಿರಲಿಲ್ಲ. ಈ ಯಾವುದೂ ಆ ಹುಡುಗನ ಕೆಲಸವಲ್ಲ, ಅವನು ಸೇರುವ ಮುಂಚೆಯೇ ಆಗಿದ್ದು.

ಯಾಕೆ ಹೀಗಾಯಿತು ಅಂತ ನೋಡುವ ಪೋಸ್ಟ್‌ಮಾರ್ಟಮ್ ಮೀಟಿಂಗ್ ಆಯಿತು. ಬ್ಲೇಮ್‌ಲೆಸ್, ಅಂದರೆ ಯಾರನ್ನೂ ದೂರುವುದಿಲ್ಲ ಅಂತ ಮೊದಲ ಸ್ಲೈಡ್‌ನಲ್ಲೇ ದೊಡ್ಡದಾಗಿ ಬರೆದಿತ್ತು. ಆಮೇಲೆ ಇಪ್ಪತ್ತು ಜನರ ಮುಂದೆ ಅವನನ್ನೇ ಕೇಳಿದರು, "ನೀನು ಯಾಕೆ ನೋಡಲಿಲ್ಲ?" ಅಂತ. ಹುಡುಗ ಕ್ಯಾಮೆರಾ ಆಫ್ ಮಾಡಿಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. 2017ರ ಫೆಬ್ರುವರಿಯಲ್ಲಿ ಅಮೆಜಾನ್‌ನ ಫೈಲ್ ಸ್ಟೋರೇಜ್ ಸರ್ವಿಸ್ ಎಸ್3 ಗಂಟೆಗಟ್ಟಲೆ ನಿಂತಿತ್ತಲ್ಲ, ಒಬ್ಬ ಎಂಜಿನಿಯರ್ ಒಂದು ಕಮಾಂಡ್ ತಪ್ಪು ಟೈಪ್ ಮಾಡಿ, ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್‌ಗಳು ಹೋಗಿದ್ದವು. ಅವರು ಹೊರಗೆ ಕೊಟ್ಟ ವಿವರದಲ್ಲಿ ಆ ಎಂಜಿನಿಯರ್ ಹೆಸರು ಎಲ್ಲೂ ಇಲ್ಲ. ಒಂದೇ ಏಟಿಗೆ ಅಷ್ಟು ಸರ್ವರ್ ತೆಗೆಯಲು ಬಿಟ್ಟ ಟೂಲನ್ನು ಬದಲಾಯಿಸಿದೆವು ಅಂತ ಬರೆದರು. ನಮ್ಮಲ್ಲಿ ಟೂಲೂ ಹಾಗೇ ಇದೆ, ಅಲರ್ಟೂ ಹಾಗೇ ಇವೆ. ನಮ್ಮ ರಿಪೋರ್ಟಿನಲ್ಲಿ ಮೂಲ ಕಾರಣ ಅನ್ನುವ ಕಾಲಂನಲ್ಲಿ "ಆನ್‌ಕಾಲ್ ಎಂಜಿನಿಯರ್ ಅಲರ್ಟ್ ಕಡೆಗಣಿಸಿದ್ದು" ಅಂತಿದೆ, ಪಕ್ಕದಲ್ಲಿ ಅವನ ಹೆಸರು. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದು ಏನು ಗೊತ್ತಾ, ಇನ್ನೊಂದು ಹೊಸ ಡಿಸ್ಕ್ ಅಲರ್ಟ್.

ನಾನು ಇವತ್ತು ಬರೆದು ಕಳಿಸಿದ್ದೇನೆ. ಯಾವ ಅಲರ್ಟ್‌ಗೆ "ಎದ್ದು ಇದನ್ನು ಮಾಡಿ" ಅಂತ ರನ್‌ಬುಕ್ ಇಲ್ಲವೋ ಅದನ್ನು ರಾತ್ರಿ ಪಾಳಿಯಿಂದ ತೆಗೆಯಿರಿ. ಬೇಡ ಅನ್ನುವವರು ಒಂದು ವಾರ ತಮ್ಮ ನಂಬರ್ ಆನ್‌ಕಾಲ್ ಸರದಿ ಪಟ್ಟಿಗೆ ಸೇರಿಸಲಿ. ರಾತ್ರಿ ಎದ್ದವರಿಗೆ ಮಾರನೇ ದಿನ ಅರ್ಧ ದಿನವಾದರೂ ರಜೆ ಕೊಡಿ. ಆ ರಿಪೋರ್ಟಿನಿಂದ ಹುಡುಗನ ಹೆಸರು ಅಳಿಸಿ, ಸ್ಲಾಟ್ ಬಗ್ಗೆ ಬರೆಯಿರಿ. ಅದು ಆಗುವ ತನಕ ನಾನು ಆ ರಿಪೋರ್ಟಿಗೆ ಅಪ್ರೂವಲ್ ಕೊಡುವುದಿಲ್ಲ, ಯಾರು ಕೇಳಿದರೂ ಕೊಡುವುದಿಲ್ಲ.