ಸೂರ್ಯಪ್ಪಗ ಬೆನ್ನು

“ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ? ಫ್ರೇಮಲ್ಲಿ ಬರ್ತಿದ್ದೀರಿ.”

ಗೋಕರ್ಣದ ಕುಡ್ಲೆ ಬೀಚಿನಲ್ಲಿ ಒಬ್ಬ ಹುಡುಗ ಹೀಗಂದ. ಅಷ್ಟುದ್ದ ಸಮುದ್ರ ಬಿದ್ದಿದೆ, ಇವನಿಗೆ ನಾನು ನಿಂತ ಜಾಗವೇ ಬೇಕು. ಸರಿದೆ. ಅವನ ಗೆಳತಿ ಸೂರ್ಯನನ್ನು ಎರಡು ಬೆರಳಿನ ನಡುವೆ ಹಿಡಿದಳು. ಪಕ್ಕದಲ್ಲಿ ಇನ್ನೊಬ್ಬ ಅಂಗೈ ಮೇಲಿಟ್ಟುಕೊಂಡಿದ್ದ. ಅವನಾಚೆ ಒಬ್ಬ ಬಾಯಿ ತೆರೆದು ನುಂಗಲು ನಿಂತಿದ್ದ. ಸಂತೆಯಲ್ಲಿ ನಿಂಬೆಹಣ್ಣನ್ನೂ ಜನ ಇಷ್ಟು ಹಿಚುಕಿ ನೋಡಲ್ಲ ಬಿಡಿ.

ನಾವು ಬಾಗಲಕೋಟೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬಂದವರು. ನಮಗೂ ಒಂದು ಫೋಟೋ ಬೇಡವೇ? ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ. “ಎಲ್ಲರೂ ಸೂರ್ಯನಿಗೆ ಬೆನ್ನು ಮಾಡಿ ನಿಲ್ರಿ, ಸಿಲೂಯೆಟ್ ತೆಗಿತೀನಿ” ಅಂದ. ಆಕಾಶದ ಬೆಳಕಿಗೆ ಕ್ಯಾಮೆರಾ ಹೊಂದಿಸಿದರೆ ಮುಂದೆ ನಿಂತವರು ಕಪ್ಪಾಗಿ ಬರುತ್ತಾರಂತೆ. ನಿಂತೆವು.

ಕಾಕಾ ನಿಲ್ಲಲಿಲ್ಲ.

“ಸೂರ್ಯಪ್ಪಗ ಬೆನ್ನ ಮಾಡಿ ನಿಲ್ಲೂದೇನೋ? ದಿನಾ ಮುಂಜಾನೆ ಅವಗ ನೀರು ಬಿಡಾಂವ ನಾ.”

“ಕಾಕಾ, ಎರಡು ನಿಮಿಷದ ಕೆಲಸ.”

“ಎರಡು ನಿಮಿಷ ಬೆನ್ನ ಮಾಡಿದ್ರೂ ಬೆನ್ನ ಮಾಡಿದಂಗ.”

ಇತ್ತ ಸೂರ್ಯ ಕಾಯುವವನಲ್ಲ. ಅಂಚು ನೀರಿಗೆ ತಾಗಿತೆಂದರೆ ಪೂರ್ತಿ ಮುಳುಗಲು ಅವನಿಗೂ ಎರಡೇ ಚಿಲ್ಲರೆ ನಿಮಿಷ ಸಾಕು. ಹುಡುಗನಿಗೆ ಗಡಿಬಿಡಿ. ಕೊನೆಗೆ ಅವನೇ ಉಪಾಯ ಹೇಳಿದ: “ನೀವು ಸಮುದ್ರದ ಕಡೆನೇ ಮುಖ ಮಾಡ್ರಿ. ಕಪ್ಪಾದ ಮ್ಯಾಲೆ ಮುಖ ಯಾವುದು, ಬೆನ್ನು ಯಾವುದು ಯಾರಿಗೂ ತಿಳಿಯಂಗಿಲ್ಲ.” ಕಾಕಾ ಒಪ್ಪಿದರು. ರುಮಾಲು ಸರಿಮಾಡಿಕೊಂಡು, ಧೋತರದ ಚುಂಗು ಕೈಯಲ್ಲಿ ಹಿಡಿದು, ಸೂರ್ಯನ ಕಡೆ ತಿರುಗಿ ಬಗ್ಗಿ ನಮಸ್ಕಾರ ಮಾಡಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಓದಿದ ಹುಡುಗ, ಬಾಯಿ ಸುಮ್ನಿರಲ್ಲ. “ಕಾಕಾ, ಸೂರ್ಯ ಈಗ ನೀರಿಗೆ ತಾಗಿದಂಗ ಕಾಣ್ತಾನಲ್ಲ, ಖರೇ ಅಂದ್ರ ಆಗಲೇ ಕೆಳಗ ಇಳದಾನ. ಗಾಳಿ ಬೆಳಕನ್ನ ಬಗ್ಗಿಸಿ ತೋರಸ್ತದ, ಅಷ್ಟ.”

ಕಾಕಾ ನಿಧಾನಕ್ಕೆ ನೆಟ್ಟಗಾದರು. “ಹಂಗಾದ್ರ ನಾ ಈಗ ಯಾರಿಗೆ ಕೈ ಮುಗದ್ನೋ?”

ಉತ್ತರ ಹೇಳಲು ಹುಡುಗನಿಗೆ ರೂಮು ಮುಟ್ಟುವವರೆಗೂ ಆಗಲಿಲ್ಲ. ಊಟದ ಹೊತ್ತಿಗೂ ಅದೇ ಮಾತು. ಇಲ್ಲದವನಿಗೆ ಮಾಡಿದ ನಮಸ್ಕಾರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮರುದಿನ ಮಹಾಬಲೇಶ್ವರ ಗುಡಿಯಲ್ಲಿ ಅರ್ಚಕರನ್ನೂ ಕೇಳಿದರು. ಅವರು ನಕ್ಕು ತೀರ್ಥ ಕೊಟ್ಟರು.

ಸಂಜೆ ಸೂರ್ಯ ಬೇಕೆಂದರೆ ನಮ್ಮೂರಲ್ಲೇ ಆಲಮಟ್ಟಿ ಹಿನ್ನೀರಿದೆ, ಬಿಟ್ಟಿ. ಆದರೆ ಕಾಕಾನ ಹಳೇ ಮನೆ ಆ ನೀರಿನ ಕೆಳಗಿದೆ. ಆ ಕಡೆ ಅವರು ತಿರುಗಿಯೂ ನೋಡಲ್ಲ.

ಇನ್ನು ಫೋಟೋ. ಆಕಾಶ ಕೇಸರಿ, ನಾವೆಲ್ಲ ಇದ್ದಿಲು. ಎಲ್ಲರೂ ಚೆಂದ ಕಾಣುತ್ತೇವೆ, ಯಾಕೆಂದರೆ ಯಾರೂ ಕಾಣುತ್ತಿಲ್ಲ. ಸಾಲ, ಸಿಟ್ಟು, ಘಟ್ಟದಲ್ಲಿ ವಾಂತಿ ಮಾಡಿಕೊಂಡ ಸುಸ್ತು, ಎಲ್ಲ ಮುಚ್ಚಿಹೋಗಿದೆ. ನನ್ನ ಹೊಟ್ಟೆ ಮಾತ್ರ ಮುಚ್ಚಿಲ್ಲ. ಪಕ್ಕಕ್ಕೆ ತಿರುಗಿ ನಿಂತಿದ್ದೆ, ಅರಬ್ಬೀ ಸಮುದ್ರಕ್ಕೆ ಇನ್ನೊಂದು ಗುಡ್ಡ ಸೇರಿದಂತಿದೆ. ಇದರಲ್ಲಿ ಕಲೆ ಏನಿದೆಯೋ ನನಗಂತೂ ತಿಳಿಯದು. ಏನೋ ಇದೆ ಅಂತ ಎಲ್ಲರೂ ಅಂತಾರೆ.

ಹೆಂಡತಿಯ ತಕರಾರು ಬೇರೆ. ಅವಳು ಪ್ರವಾಸಕ್ಕೆಂದೇ ಹೊಸ ಇಳಕಲ್ ಸೀರೆ ತಂದಿದ್ದಳು. ಹಸಿರು ಒಡಲು, ಕೆಂಪು ರೇಷ್ಮೆಯ ತೆನಿ ಸೆರಗು. ಆ ಸೆರಗನ್ನು ಒಡಲಿಗೆ ಸೇರಿಸಲು ಮಗ್ಗದ ಮೇಲೆ ಎಳೆ ಎಳೆಗೂ ಕೊಂಡಿ ಹಾಕಬೇಕು. ಅಷ್ಟು ಕೆಲಸ ಒಂದು ಕ್ಲಿಕ್ಕಿಗೆ ಮಸಿಯಾಯಿತು.

“ಅಂಚೆಲ್ಲಿ? ಸೆರಗೆಲ್ಲಿ? ಇದಕ್ಕ ನಾ ಹಳೇ ಸೀರಿ ಉಟ್ಟು ಬರ್ತಿದ್ದೆ. ಮುಂದಿನ ಸಲ ಮಧ್ಯಾಹ್ನ ಹನ್ನೆರಡಕ್ಕ ತೆಗಸೂನು.”

“ಉಸುಕು ಕಾಲು ಸುಡ್ತದ” ಅಂದೆ.

“ಚಪ್ಪಲ್ ಹಾಕ್ಕೋರಿ” ಅಂದಳು.