ಇನ್ನೇನು, ಹತ್ತೇ ನಿಮಿಷ

"ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡುವುದು. ಸುಮ್ಮನೆ ಬಾ" ಎಂದು ಮೂವರು ಗೆಳೆಯರು ಕರೆದಾಗ ಆ 'ಸುಮ್ಮನೆ' ಎಂಬ ಮಾತನ್ನು ನಾನು ನಂಬಿದೆ. ಅವರು ತಿಂಗಳಿಗೊಮ್ಮೆ ಕಾಡು ಸುತ್ತುವವರು. ನಾನೋ, ಲಿಫ್ಟ್ ಕೆಟ್ಟ ದಿನ ಕಚೇರಿಗೆ ರಜೆ ಹಾಕಬಹುದೇ ಎಂದು ಯೋಚಿಸುವವನು.

ಹಿಂದಿನ ರಾತ್ರಿ ಬ್ಯಾಗಿಗೆ ಏನೇನು ತುಂಬಿದೆನೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಎರಡು ಜೊತೆ ಬಟ್ಟೆ, ಕೊಡೆ, ಟಾರ್ಚು, ಮತ್ತೊಂದು ಟಾರ್ಚು, ಮರದಡಿ ಕುಳಿತು ಓದಲೆಂದು ದಪ್ಪ ಪುಸ್ತಕ, ಮೂರು ಲೀಟರ್ ನೀರು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಂದು ಶಾಲೆಯಲ್ಲಿ ಓದಿದ್ದೆ. ಆ ಪಾಠ ಬೆನ್ನಿಗೆ ಅರ್ಥವಾದದ್ದು ಮರುದಿನ. ಕುಡಿದರೆ ಹೊರೆ ಇಳಿಯುತ್ತದೆಂದು ಗಟಗಟನೆ ಕುಡಿದೆ. ಆಮೇಲೆ ಗಳಿಗೆಗೊಮ್ಮೆ ಮರದ ಮರೆ ಹುಡುಕುವ ಕೆಲಸ ಅಂಟಿಕೊಂಡಿತು.

ಹೊರಟು ಮುಕ್ಕಾಲು ಗಂಟೆಯಾಗಿರಬಹುದು. "ಇನ್ನೆಷ್ಟು ದೂರ?" ಎಂದು ಮೊದಲ ಬಾರಿ ಕೇಳಿದೆ. ಮುಂದೆ ನಡೆಯುತ್ತಿದ್ದವನು ತಿರುಗಿಯೂ ನೋಡದೆ, "ಇನ್ನೇನು, ಹತ್ತೇ ನಿಮಿಷ" ಎಂದ. ಅರ್ಧ ಗಂಟೆಯ ನಂತರ ಮತ್ತೆ ಕೇಳಿದೆ. ಹತ್ತೇ ನಿಮಿಷ. ಒಂದು ಏರು ಹತ್ತಿ, ಇಳಿದು, ಇನ್ನೊಂದು ಏರಿನ ಬುಡದಲ್ಲಿ ನಿಂತು ಕೇಳಿದಾಗಲೂ ಅದೇ ಉತ್ತರ. ದೇವಲೋಕದ ಒಂದು ದಿನ ನಮಗೆ ಒಂದು ವರ್ಷವೆಂದು ಪುರಾಣದಲ್ಲಿ ಓದುತ್ತೇವಲ್ಲ, ಚಾರಣಿಗರ ನಿಮಿಷವೂ ಆ ಜಾತಿಯದೇ ಇರಬೇಕು.

ಇದಕ್ಕೊಂದು ಲೆಕ್ಕವಿದೆಯೆಂದು ಆಮೇಲೆ ತಿಳಿಯಿತು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಸೂತ್ರ ಕಟ್ಟಿಟ್ಟಿದ್ದಾನೆ: ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಮ್ಮ ಹಾದಿ 8 ಕಿಲೋಮೀಟರ್, ಏರಿಕೆ ಹೆಚ್ಚುಕಡಿಮೆ 600 ಮೀಟರ್. ಅಂದರೆ ಎರಡೂವರೆ ಗಂಟೆ ಚಿಲ್ಲರೆ. ನಾವು ತೆಗೆದುಕೊಂಡದ್ದು ನಾಲ್ಕೂವರೆ. ಗಟ್ಟಿಮುಟ್ಟಾದ ನಡಿಗೆಗಾರ ಎಲ್ಲೂ ನಿಲ್ಲದೆ ನಡೆದರೆ ಎಂಬುದು ನೈಸ್ಮಿತ್‌ನ ಲೆಕ್ಕ. ಅವನ ಗುಂಪಿನಲ್ಲಿ ಎರಡು ಟಾರ್ಚು ಹೊತ್ತವರು ಇರಲಿಲ್ಲವೆಂದು ಕಾಣುತ್ತದೆ.

ಹಿಂದೆ ಬಿದ್ದವನಿಗೆ ಆಗುವ ಒಂದು ಅನ್ಯಾಯವನ್ನು ಮಾತ್ರ ಯಾವ ಸೂತ್ರವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನವರು ಮೊದಲು ತಲುಪಿ ಬಂಡೆಯ ಮೇಲೆ ಕುಳಿತುಕೊಳ್ಳುತ್ತಾರೆ. ನೀರು ಕುಡಿಯುತ್ತಾರೆ, ಹರಟುತ್ತಾರೆ, ಗಾಳಿಗೆ ಮುಖ ಒಡ್ಡುತ್ತಾರೆ. ಹತ್ತು ನಿಮಿಷ (ಇದು ನಿಜವಾದ ಹತ್ತು ನಿಮಿಷ) ಕಳೆದ ಮೇಲೆ ನಾನು ಏದುಸಿರು ಬಿಡುತ್ತ ಆ ಬಂಡೆ ಮುಟ್ಟುತ್ತೇನೆ. "ಬಂದೆಯಾ? ಸರಿ, ಹೊರಡೋಣ" ಎಂದು ಮೂವರೂ ಎದ್ದು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಾರೆ. ಹೆಚ್ಚು ದಣಿದವನಿಗೆ ಕಡಿಮೆ ವಿಶ್ರಾಂತಿ, ದಣಿಯದವರಿಗೆ ಬೇಕಾದಷ್ಟು. ಆ ಬಂಡೆಗಳನ್ನೆಲ್ಲ ನಾನು ಬಲ್ಲೆ, ಆದರೆ ಒಂದರ ಮೇಲೂ ಕುಳಿತಿಲ್ಲ.

ಆದರೆ ಹಿಂದೆ ಉಳಿದವನಿಗಷ್ಟೇ ಕೇಳಿಸುವುದೂ ಒಂದಿದೆ. ಅವರ ಮಾತು ತಿರುವಿನಾಚೆ ಕರಗಿಹೋದ ಮೇಲೆ ಕಾಡಿನ ಸದ್ದು ಒಂದೊಂದಾಗಿ ಹೊರಬರತೊಡಗಿತು. ಒಣಗಿದ ಎಲೆ ಕೊಂಬೆಯಿಂದ ಕೊಂಬೆಗೆ ತಾಗುತ್ತ ಇಳಿಯುವ ಸದ್ದು. ಮರಕುಟಿಗ ಎಲ್ಲೋ ಟಕಟಕ ಎನ್ನಿಸಿ ನಿಲ್ಲಿಸಿತು. ಒಂದು ಗೆದ್ದಲು ಹಿಡಿದ ದಿಮ್ಮಿಯ ಮೇಲೆ ಇರುವೆಗಳ ಸಾಲು; ಅವುಗಳಲ್ಲೂ ಒಂದು ಸಾಲಿನಿಂದ ಹಿಂದೆ ಬಿದ್ದು, ತನಗಿಂತ ದೊಡ್ಡ ರೆಕ್ಕೆಯ ಚೂರೊಂದನ್ನು ಎಳೆದಾಡುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಜೊತೆಗಿದ್ದೆವು.

ಇರುವೆಯಿಂದ ತಲೆಯೆತ್ತಿ ಹೊರಟರೆ ಹಾದಿ ಎರಡಾಗಿತ್ತು. ನೇರ ನಡೆದರೆ ಅವರನ್ನು ಹಿಡಿಯಬಹುದೆಂದು ಎರಡನ್ನೂ ಬಿಟ್ಟು ಮರಗಳ ನಡುವೆ ನುಗ್ಗಿದೆ. ಮೋಡ ಕವಿದಿತ್ತು. ನೇರವಾಗಿಯೇ ನಡೆದೆ, ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಕಾಲು ಗಂಟೆಯಲ್ಲಿ ಎದುರಿಗೆ ಬಂದದ್ದು ಅದೇ ದಿಮ್ಮಿ, ಅದೇ ಸಾಲು. ಜರ್ಮನಿಯ ಸಂಶೋಧಕರು ಕಾಡಿನಲ್ಲಿ ಜನರನ್ನು ಹೀಗೆ ನಡೆಸಿ ನೋಡಿ, ಸೂರ್ಯ ಕಾಣದಾಗ ಮನುಷ್ಯ ತನಗೇ ಅರಿವಿಲ್ಲದೆ ಸುತ್ತು ಹೊಡೆದು ತನ್ನದೇ ಹೆಜ್ಜೆಯನ್ನು ದಾಟುತ್ತಾನೆಂದು 2009ರಲ್ಲಿ ಪ್ರಕಟಿಸಿದ್ದಾರಂತೆ. ಅಷ್ಟು ಖರ್ಚು ಮಾಡುವ ಅಗತ್ಯವಿರಲಿಲ್ಲ, ನನ್ನನ್ನೊಬ್ಬನನ್ನು ಬಿಟ್ಟಿದ್ದರೆ ಸಾಕಿತ್ತು. ಅಲ್ಲೇ ಕುಳಿತು ಕೂಗಿದೆ. ಹುಡುಕಿಕೊಂಡು ಬಂದವರು ಬೈದರು; ನನಗೆ ಮಾತ್ರ ಅಂದು ಕುಳಿತು ದಣಿವಾರಿಸಿಕೊಂಡ ಒಂದೇ ಗಳಿಗೆ ಅದು.

ತುದಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಂಜು ಮುಸುಕಿತ್ತು. ಮಂಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು.

ಇಳಿಯುವಾಗ ಶೂ ಬಾಯಿ ಬಿಟ್ಟಿತು. ಆರು ವರ್ಷ ಕಪಾಟಿನಲ್ಲಿ ಪೆಟ್ಟಿಗೆಯೊಳಗೆ ಜೋಪಾನವಾಗಿಟ್ಟಿದ್ದ ಶೂ ಅದು, ಹೊಸದರಂತೆ ಹೊಳೆಯುತ್ತಿತ್ತು. ಬಲಗಾಲಿನ ಅಟ್ಟೆ ಮೊದಲು ಮುಂಭಾಗದಲ್ಲಿ ತೆರೆದುಕೊಂಡು ಹೆಜ್ಜೆಹೆಜ್ಜೆಗೂ ಚಪ್ಪಾಳೆ ತಟ್ಟಿತು. ಆಮೇಲೆ ಒಳಗಿನ ಪದರ ಹಳೆಯ ರಸ್ಕಿನಂತೆ ಪುಡಿಪುಡಿಯಾಗಿ ದಾರಿಯುದ್ದಕ್ಕೂ ಉದುರಿತು. ಅನುಭವಿ ಗೆಳೆಯ ಬಗ್ಗಿ ನೋಡಿ ವಿವರಿಸಿದ: ಇಂಥ ಅಟ್ಟೆಗಳಲ್ಲಿರುವ ಪಾಲಿಯುರೆಥೇನ್ ಗಾಳಿಯ ತೇವಕ್ಕೇ ನಿಧಾನವಾಗಿ ಶಿಥಿಲವಾಗುತ್ತದೆ, ಹಾಕಿದರೂ ಅಷ್ಟೆ, ಹಾಕದೆ ಇಟ್ಟರೂ ಅಷ್ಟೆ. ಆರು ವರ್ಷ ಶೂ ಉಳಿಸಿಕೊಂಡೆನೆಂದು ಹಿಗ್ಗುತ್ತಿದ್ದವನಿಗೆ ಇದು ಶೂವಿಗಿಂತ ದೊಡ್ಡ ಪೆಟ್ಟು. ಬ್ಯಾಗಿನಲ್ಲಿ ನಾನು ತುಂಬಿದ್ದ ಅಷ್ಟೂ ಸಾಮಾನಿನಲ್ಲಿ ಒಂದು ಗೇಣು ಹಗ್ಗ ಇರಲಿಲ್ಲ. ಕೊನೆಗೆ ಕೊಡೆಯ ಪಟ್ಟಿ ಕಿತ್ತು, ಅಂಗಿಯೊಂದನ್ನು ಹರಿದು, ಗಾಯಾಳುವಿಗೆ ಕಟ್ಟುವಂತೆ ಶೂವಿಗೆ ಕಟ್ಟಿದರು. ಎರಡನೆಯ ಜೊತೆ ಬಟ್ಟೆಯನ್ನು ಆಡಿಕೊಂಡವನೇ ಅದನ್ನು ಹರಿದದ್ದು ಎಂಬ ಸಮಾಧಾನ ನನಗೆ ಉಳಿಯಿತು.

ಏರುವುದೇ ಕಷ್ಟವೆಂದು ತಿಳಿದಿದ್ದೆ. ಮೈಯ ಭಾರ ತಡೆಯುತ್ತ ಇಳಿಯುವ ತೊಡೆಗಳು ತಮ್ಮ ದೂರನ್ನು ಅಂದೇ ಸಲ್ಲಿಸುವುದಿಲ್ಲ. ಒಂದು ದಿನ ಬಿಟ್ಟು ಸಲ್ಲಿಸುತ್ತವೆ. ಮೂರನೆಯ ದಿನ ಮನೆಯ ಮೆಟ್ಟಿಲನ್ನು ಪಕ್ಕದ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಇಳಿದೆ. ಹಾಗೆ ಇಳಿದರೆ ನೋವು ಕಡಿಮೆ. ಕೆಳಗೆ ಬಂದು ಕುರ್ಚಿಯಲ್ಲಿ ಮೆಲ್ಲನೆ ಕುಳಿತುಕೊಳ್ಳುವಷ್ಟರಲ್ಲಿ ಮಹಡಿಯ ಮೇಲೆ ಬಿಟ್ಟುಬಂದಿದ್ದ ಮೊಬೈಲ್ ಬಾರಿಸಿತು. ಗೆಳೆಯರೇ ಇರಬೇಕು, ಮುಂದಿನ ತಿಂಗಳ ಮಾತಿಗೆ.

ಮೇಲೇ ಇದ್ದ ಮಗನನ್ನು ಕೂಗಿ, "ಆ ಫೋನು ಸ್ವಲ್ಪ ತಂದುಕೊಡು" ಎಂದೆ.

"ಬಂದೆ ಅಪ್ಪಾ" ಎಂದ ಅವನು, "ಹತ್ತೇ ನಿಮಿಷ."